1974ರ ಸ್ಟ್ರಾಟೋಕಾಸ್ಟರ್: ಫ್ರೆಟ್ ಬದಲಾಯಿಸಬೇಕೋ, ಹಾಗೇ ಬಿಡಬೇಕೋ?

ಕೇಳಿದವರು (ನ್ಯೂಜೆರ್ಸಿ): 1974ರ ಫೆಂಡರ್ ಸ್ಟ್ರಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ಒಂದು ಸಿಗುತ್ತಿದೆ. 2,800 ಡಾಲರ್ ಹೇಳುತ್ತಿದ್ದಾರೆ. ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿದೆ, ಮೊದಲ ನಾಲ್ಕು ಫ್ರೆಟ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಪೂರ್ತಿ ಸವೆದಿವೆ. ನಾನು ಮನೆಯಲ್ಲಿ ನುಡಿಸುವವನು, ಮಾರುವ ಯೋಚನೆ ಇಲ್ಲ. ಹಳೇ ಗಿಟಾರಿಗೆ ಹೊಸ ಫ್ರೆಟ್ ಹಾಕಿಸಿದವರು ಅನುಭವ ಹೇಳಿ.

ಉತ್ತರ 1: ನನ್ನದು 1964ರದ್ದು. ಫ್ರೆಟ್ ಹಾಕಿಸಲು ಕೊಟ್ಟೆ, ಜೊತೆಗೆ ತಂತಿ ಎಳೆದರೆ ಸ್ವರ ಸಾಯುತ್ತದೆ, ಫ್ರೆಟ್ ಕೂರುವ ಹಲಗೆಯ (ಫ್ರೆಟ್‌ಬೋರ್ಡ್) ಉಬ್ಬು ಚಪ್ಪಟೆ ಮಾಡಿ, ಏಳೂಕಾಲು ಇಂಚಿನ ರೇಡಿಯಸ್ಸನ್ನು ಒಂಬತ್ತೂವರೆ ಮಾಡಿ ಅಂದೆ. ನನ್ನ ಬುದ್ಧಿಗಿಷ್ಟು! ಆ ಕಾಲದ ಫ್ರೆಟ್‌ಬೋರ್ಡ್ ಬಾಗಿಸಿ ಅಂಟಿಸಿದ ತೆಳು ಪದರ. ಆ ಮನುಷ್ಯ ಉಜ್ಜಿ ಉಜ್ಜಿ ನಡುವೆ ಅಡಿಯ ಮೇಪಲ್ ಮರ ಕಾಣಿಸುವ ಹಾಗೆ ಮಾಡಿದ, ನೆತ್ತಿ ಬೋಳಾದಂತೆ. ಕೂಲಿ 380 ಡಾಲರ್, ಕಳಿಸಲು ತರಿಸಲು 94, ಆಮೇಲೆ ಬೇರೆಯವರ ಹತ್ತಿರ ಹೊಸ ಬೋರ್ಡ್ ಹಾಕಿಸಲು 720. ಹನ್ನೊಂದು ವಾರ ಗಿಟಾರೇ ಇಲ್ಲ. ಕೊನೆಗೆ ಮಾರಲು ಹೋದರೆ ಅರ್ಧ ಬೆಲೆ ಕೇಳಿದರು.

ಉತ್ತರ 2: ಅದಕ್ಕೇ ಮುಟ್ಟಬಾರದು ಅನ್ನೋದು. ನನ್ನ 1966ರದ್ದಕ್ಕೆ 19 ವರ್ಷದಲ್ಲಿ ತಂತಿ ಬಿಟ್ಟು ಏನೂ ಬದಲಾಯಿಸಿಲ್ಲ. ಒಳಗಿನ ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಭಾಗ) ಮೇಲೆ 137 66 13 ಅಂತಿದೆ, ಅಂದರೆ 66ನೇ ಇಸವಿಯ 13ನೇ ವಾರ. ಬೆಸುಗೆ ಕೂಡ ಕಾರ್ಖಾನೆಯದ್ದೇ. ಅಂದಹಾಗೆ 74ರದ್ದು ಕತ್ತನ್ನು ಮೂರೇ ಬೋಲ್ಟಿನಲ್ಲಿ ಕೂರಿಸಿದ, ಫೆಂಡರ್ ಸಿಬಿಎಸ್ ಕಂಪನಿಯ ಕೈಗೆ ಹೋದ ಕಾಲದ ಮಾಲು. ಹಳೇದು ಅನ್ನಿ, ವಿಂಟೇಜ್ ಅನ್ನಬೇಡಿ.

ಉತ್ತರ 3: ನಿಮ್ಮ 66ರದ್ದೂ ಸಿಬಿಎಸ್ ಕಾಲದ್ದೇ ಸ್ವಾಮಿ, ಅವರು ಕಂಪನಿ ಕೊಂಡಿದ್ದು 1965ರಲ್ಲಿ. ಟೈರ್ ಸವೆದರೆ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿ ಪೂಜೆ ಮಾಡ್ತೀರಾ? ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಹರ್ ಅವರ 1961ರ ಸ್ಟ್ರಾಟ್ ನೋಡಿ. 1963ರಲ್ಲಿ ಅಲ್ಲಿನ ಕಾರ್ಕ್ ಊರಿನಲ್ಲಿ ಕೊಂಡಿದ್ದು. ಬಣ್ಣವೇ ಉಳಿದಿಲ್ಲ, ಫ್ರೆಟ್ ಎಷ್ಟು ಸಲ ಬದಲಾಯಿತೋ. 2024ರ ಹರಾಜಿನಲ್ಲಿ ಸುಮಾರು 8.9 ಲಕ್ಷ ಪೌಂಡಿಗೆ ಹೋಯಿತು.

ಉತ್ತರ 2: ಅದು ರೋರಿ ಕೈ ತಾಗಿದ್ದಕ್ಕೆ ಬಂದ ಬೆಲೆ. ನೀವು ರೋರಿನಾ?

ಉತ್ತರ 3: ನಾನು ನುಡಿಸುತ್ತೇನೆ. ನಿಮ್ಮದು ಮಂಚದ ಕೆಳಗಿದೆ.

ಉತ್ತರ 4: ಜಗಳ ಸಾಕು. ನಾನು 1963ರದ್ದನ್ನು ಮೈಸೂರಿಗೆ ತರಲು ಹೊರಟೆ. ಅದರ ಬೋರ್ಡು ಬ್ರೆಜಿಲ್ ರೋಸ್‌ವುಡ್. ಆ ಮರ 1992ರಿಂದ ಅಳಿವಿನಂಚಿನ ಜೀವಿ, ಗಿಡಮರಗಳ ವ್ಯಾಪಾರ ತಡೆಯುವ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ, ಕಾಗದಪತ್ರಕ್ಕೇ ನಾಲ್ಕು ತಿಂಗಳು ಅಲೆದೆ. ಬಂದ ಮೇಲೆ ಮೊದಲ ಬೇಸಿಗೆಗೆ ಮರ ಕುಗ್ಗಿ ಫ್ರೆಟ್ ತುದಿಗಳು ಕೈ ಕೊಯ್ದವು. 74ರದ್ದರ ಬೋರ್ಡ್ ಕಪ್ಪಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ, ಅದು ನಮ್ಮ ಮಲೆನಾಡಿನ ಬೀಟೆ.

ಉತ್ತರ 1: ಇಂಡಿಯನ್ ರೋಸ್‌ವುಡ್ ಅನ್ನಿ, ಒಪ್ಪುತ್ತೇನೆ. ಮಲೆನಾಡಿನದ್ದೇ ಅಂತ ಹೇಗೆ ಗೊತ್ತು? ಕೇರಳದಲ್ಲಿ ಬೀಟೆ ಇಲ್ವಾ?

ಉತ್ತರ 4: ನಮ್ಮಜ್ಜನ ಮನೆ ಬಾಗಿಲೇ ಬೀಟೆಯದ್ದು. ನನಗೆ ಮರ ಹೇಳಿಕೊಡಬೇಡಿ.

ಉತ್ತರ 1: ಬಾಗಿಲು ನುಡಿಸಿ ನೋಡಿದ್ದೀರಾ?

ಕೇಳಿದವರು: ತಗೊಂಡೆ, 2,650ಕ್ಕೆ ಇಳಿಸಿದರು. ಶನಿವಾರ ಫ್ರೆಟ್‌ಗೆ ಕೊಡುತ್ತಿದ್ದೇನೆ.

ಉತ್ತರ 1: ರೇಡಿಯಸ್ ಮುಟ್ಟಬೇಡಿ ಅಂತ ಚೀಟಿ ಬರೆದು ಕೇಸಿನೊಳಗೆ ಅಂಟಿಸಿ. ಬಾಯಲ್ಲಿ ಹೇಳಿದರೆ ಸಾಲದು.