ಮಾಲ್ಟಾ ಮತ್ತು ಗೋಝೋದಲ್ಲಿ ಮೊದಲ ಸ್ನಾರ್ಕಲಿಂಗ್: ಯಾವ ಜಾಗ, ಯಾವ ಸಲಕರಣೆ?

ಪ್ರಶ್ನೆ: ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಾನು, ನನ್ನ ಪತ್ನಿ ಮತ್ತು ಹನ್ನೊಂದು ವರ್ಷದ ಮಗಳು ಆರು ದಿನಗಳ ಮಟ್ಟಿಗೆ ಬೆಂಗಳೂರಿನಿಂದ ಮಾಲ್ಟಾಕ್ಕೆ ಹೊರಟಿದ್ದೇವೆ. ಅಲ್ಲಿ ಸ್ನಾರ್ಕಲಿಂಗ್, ಅಂದರೆ ಬಾಯಲ್ಲಿಟ್ಟ ಕೊಳವೆಯಿಂದ ಉಸಿರಾಡುತ್ತ ಮುಖ ಕೆಳಗೆ ಮಾಡಿ ತೇಲಿ ಕಡಲೊಳಗನ್ನು ನೋಡುವುದನ್ನು, ಮೊದಲ ಸಲ ಮಾಡುವ ಆಸೆ. ಮೂವರಿಗೂ ಈಜು ಬರುತ್ತದೆ, ಆದರೆ ಈಜುಕೊಳ ಬಿಟ್ಟು ಬೇರೆಲ್ಲೂ ಈಜಿದವರಲ್ಲ. ನನಗೆ ಮೈನಸ್ ಮೂರು ಪವರಿನ ಕನ್ನಡಕವಿದೆ. ಸಲಕರಣೆಯನ್ನು ಇಲ್ಲಿಂದಲೇ ಒಯ್ಯಬೇಕೇ, ಮತ್ತು ಹೊಸಬರು ಧೈರ್ಯವಾಗಿ ಇಳಿಯಬಹುದಾದ ಜಾಗಗಳು ಯಾವುವು ಎಂಬುದನ್ನು ಹೋಗಿ ಬಂದವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ನಾವು ಎರಡು ಸಲ ಹೋಗಿದ್ದೇವೆ. ಮೊದಲ ಸಲ ದಿನಕ್ಕೊಂದು ಜಾಗವೆಂದು ಊರಿನಲ್ಲೇ ಪಟ್ಟಿ ಮಾಡಿಕೊಂಡು ಹೋಗಿ, ಆರರಲ್ಲಿ ಮೂರು ದಿನ ಅಲೆಗಳನ್ನು ನೋಡುತ್ತ ದಡದಲ್ಲೇ ಕುಳಿತೆವು. ಅಲ್ಲಿ ಇಳಿಯುವ ಜಾಗವನ್ನು ನಿರ್ಧರಿಸುವುದು ಆ ದಿನದ ಗಾಳಿ. ವಾಯವ್ಯದಿಂದ ಬೀಸುವ, ಅಲ್ಲಿನವರು ಮಯ್ಯಿಸ್ತ್ರಾಲ್ ಎನ್ನುವ ಗಾಳಿಯೇ ಹೆಚ್ಚು. ಅದು ಬೀಸುವ ದಿನ ಮಾಲ್ಟಾದ ಪಕ್ಕದ ದ್ವೀಪವಾದ ಗೋಝೋದ ಆಗ್ನೇಯ ದಡದ ಹೊಂಡೊಕ್ ಅಥವಾ ಮ್ಜಾರ್ ಇಶ್ಶೀನಿ ಎಂಬ ಕಿರಿದಾದ ಕೊಲ್ಲಿಗೆ ಹೋದರೆ ನೀರು ಕೊಳದಷ್ಟೇ ಶಾಂತವಾಗಿರುತ್ತದೆ. ದಕ್ಷಿಣದ ಗಾಳಿಯಿದ್ದರೆ ಉತ್ತರದ ಮಾರ್ಸಲ್ಫೋರ್ನ್ ಕಡೆಗೆ ಹೋಗಬೇಕು. ಮಾಲ್ಟಾದ ಚಿರ್ಕೆವ್ವಾದಿಂದ ಗೋಝೋಗೆ ಹಡಗಿನಲ್ಲಿ ಸುಮಾರು 25 ನಿಮಿಷಗಳ ಪ್ರಯಾಣವಾದ್ದರಿಂದ ಬೆಳಿಗ್ಗೆ ಗಾಳಿ ನೋಡಿಯೇ ತೀರ್ಮಾನಿಸಬಹುದು.

ಮೊದಲ ದಿನಕ್ಕೆ ನನ್ನ ಆಯ್ಕೆ ಗೋಝೋದ ಷ್ಲೆಂಡಿ. ಎರಡು ಬಂಡೆಗೋಡೆಗಳ ನಡುವೆ ಉದ್ದಕ್ಕೆ ಚಾಚಿದ ಈ ಕೊಲ್ಲಿಯಲ್ಲಿ ಗೋಡೆಯ ಅಂಚನ್ನೇ ಹಿಡಿದು ನಿಧಾನವಾಗಿ ಸಾಗಿದರೆ ಮೀನು ಕಾಣಲು ಆಳಕ್ಕೆ ಹೋಗಬೇಕಾಗಿಲ್ಲ. ನೈಋತ್ಯದ ಗಾಳಿ ಎದ್ದ ದಿನ ಮಾತ್ರ ಅಲ್ಲಿಗೆ ಹೋಗಬೇಡಿ. ಗೋಝೋದಲ್ಲೇ ಇರುವ ದ್ವೈರಾದ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿನ ಪ್ರಸಿದ್ಧ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಕುಸಿದು ಬಿದ್ದಿದ್ದರೂ ಬ್ಲೂ ಹೋಲ್ ಎಂಬ, ಬಂಡೆಗಳ ನಡುವಿನ ಆಳವಾದ ನೀರಿನ ಗುಂಡಿ ಹಾಗೆಯೇ ಉಳಿದಿದೆ. ಆದರೆ ಅದಕ್ಕೆ ಚೂಪಾದ ಬಂಡೆಗಳ ಮೇಲೆ ನಡೆದು ಇಳಿಯಬೇಕು, ಇಳಿದ ಕೂಡಲೇ ಆಳ. ಹೊಸಬರಿಗೆ ಅದರ ಪಕ್ಕದ ಇನ್‌ಲ್ಯಾಂಡ್ ಸೀ ಎಂಬ ಆಳವಿಲ್ಲದ ಕೊಳವೇ ಸಾಕು. ಅದನ್ನು ಹೊರಗಡಲಿಗೆ ಜೋಡಿಸುವ ಸುರಂಗದೊಳಗೆ ಮಾತ್ರ ಈಜಬೇಡಿ, ಅದು ದೋಣಿಗಳ ದಾರಿ.

ಉತ್ತರ 2: ಸಲಕರಣೆಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಹಣ ಕಳೆದುಕೊಂಡು ಕಲಿತವನು ನಾನು. ಕಣ್ಣು ಮತ್ತು ಮೂಗನ್ನು ಮುಚ್ಚುವ ಗಾಜಿನ ಮಾಸ್ಕನ್ನು ಇಲ್ಲಿಂದಲೇ ಒಯ್ಯಿರಿ. ಕಾಲಿಗೆ ಹಾಕುವ ಈಜುರೆಕ್ಕೆಗಳಾದ ಫಿನ್ಸ್ ಭಾರವಾದ್ದರಿಂದ ಅಲ್ಲಿ ಬಾಡಿಗೆಗೆ ಪಡೆಯಿರಿ. ಅಂಗಡಿಯಲ್ಲಿ ಮಾಸ್ಕಿನ ಪಟ್ಟಿಯನ್ನು ತಲೆಗೆ ಹಾಕಿಕೊಳ್ಳದೆ ಮುಖಕ್ಕೆ ಒತ್ತಿ ಹಿಡಿದು ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೊಳ್ಳಿ. ಕೈಬಿಟ್ಟರೂ ಅದು ಅಂಟಿಕೊಂಡಿದ್ದರೆ ನಿಮ್ಮ ಮುಖಕ್ಕೆ ಹೊಂದುತ್ತದೆ, ಬಿದ್ದರೆ ಎಷ್ಟೇ ದುಬಾರಿಯದಾದರೂ ಬೇಡ. ನನ್ನ ಮಾಸ್ಕಿನೊಳಗೆ ಎರಡು ದಿನ ನೀರು ನುಗ್ಗಿದ್ದಕ್ಕೆ ಕಾರಣ ನನ್ನ ಮೀಸೆ ಎಂಬುದು ಮೂರನೆಯ ದಿನ ತಿಳಿಯಿತು. ಮಗಳಿಗೆ ಮಕ್ಕಳ ಅಳತೆಯದೇ ಬೇಕು.

ಕನ್ನಡಕದ ಕಡ್ಡಿ ಮಾಸ್ಕಿನ ಅಂಚಿನಡಿ ಕೂರುವುದಿಲ್ಲವಾದ್ದರಿಂದ ನಿಮ್ಮ ಪವರಿಗೆ ಸಿದ್ಧ ಲೆನ್ಸ್ ಕೂರಿಸುವ ಮಾಸ್ಕ್ ಕೇಳಿ. ನೀರಿನೊಳಗೆ ವಸ್ತುಗಳು ಸುಮಾರು ಮೂರನೆಯ ಒಂದರಷ್ಟು ದೊಡ್ಡದಾಗಿ ಕಾಣುವುದರಿಂದ ಅರ್ಧ ಪವರಿನ ವ್ಯತ್ಯಾಸ ಬಾಧಿಸುವುದಿಲ್ಲ. ಹೊಸ ಮಾಸ್ಕಿನ ಗಾಜಿನ ಒಳಮೈಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ತೊಳೆಯದಿದ್ದರೆ ಐದೇ ನಿಮಿಷದಲ್ಲಿ ಮಂಜು ಕಟ್ಟುತ್ತದೆ. ಆಮೇಲೆ ಪ್ರತಿ ಸಲ ಇಳಿಯುವ ಮುನ್ನ ಉಗುಳು ಸವರಿದರೆ ಸಾಕು. ಅಸಹ್ಯವೆನಿಸಿದರೂ ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಪೂರ್ತಿ ಮುಖ ಮುಚ್ಚುವ ಮಾಸ್ಕನ್ನು ನಾನು ಒಪ್ಪುವುದಿಲ್ಲ: ಹೊರಬಿಟ್ಟ ಗಾಳಿಯನ್ನೇ ಮತ್ತೆ ಉಸಿರಾಡುವ ಅಪಾಯವಿದೆ, ನೀರು ಹೊಕ್ಕರೆ ಥಟ್ಟನೆ ಕಿತ್ತು ತೆಗೆಯುವುದೂ ಕಷ್ಟ. ಹೊರಡುವ ಮೊದಲು ನಾಲ್ಕೈದು ಸಂಜೆ ಈಜುಕೊಳದಲ್ಲಿ, ಸ್ನಾರ್ಕಲಿಗೆ (ಉಸಿರಾಟದ ಕೊಳವೆಗೆ) ನೀರು ತುಂಬಿಸಿ ಒಂದೇ ಉಸಿರಿಗೆ ಊದಿ ಹೊರಹಾಕುವುದನ್ನು ಮೂವರೂ ಅಭ್ಯಾಸ ಮಾಡಿ.

ಉತ್ತರ 3: ಮೇಲಿನವರು ಮಾಲ್ಟಾ ಮತ್ತು ಗೋಝೋ ನಡುವಿನ ಪುಟ್ಟ ದ್ವೀಪ ಕೊಮಿನೊದ ಬ್ಲೂ ಲಗೂನನ್ನು ಬಿಟ್ಟಿದ್ದಾರೆ. ಬಿಟ್ಟದ್ದು ಸರಿಯೇ ಎನ್ನಬೇಕು. ಮರಳಿನ ತಳದ ತಿಳಿನೀಲಿ ನೀರು ನೋಡಲು ಚೆಂದ, ಆದರೆ ಮೀನಿಗಿಂತ ಜನರೇ ಹೆಚ್ಚು. ಮೀನು ಬೇಕೆಂದರೆ ಬಂಡೆ ಮತ್ತು ಪೋಸಿಡೋನಿಯಾ ಎಂಬ ಕಡಲಹುಲ್ಲು ಸಂಧಿಸುವ ಕಡೆ ನೋಡಿ. ಅಲ್ಲಿ ಕಪ್ಪು ಡ್ಯಾಮ್ಸೆಲ್ ಮೀನುಗಳ ಗುಂಪು, ಬಣ್ಣಬಣ್ಣದ ರಾಸ್ ಮೀನು, ತಾಳ್ಮೆಯಿದ್ದರೆ ಸಂದಿಯಲ್ಲಿ ಅಡಗಿದ ಆಕ್ಟೋಪಸ್ ಸಹ ಕಾಣಸಿಗುತ್ತವೆ.

ಬಂಡೆಗಳ ಮೇಲೆ ಮುಳ್ಳಿನ ಸೀ ಅರ್ಚಿನ್‌ಗಳು ಇರುವುದರಿಂದ ರಬ್ಬರ್ ತಳದ ನೀರಿನ ಶೂಗಳನ್ನು ಮರೆಯಬೇಡಿ. ನೇರಳೆ ಬಣ್ಣದ ಸಣ್ಣ ಜೆಲ್ಲಿಫಿಶ್ ಕಂಡ ದಿನ ನೀರಿಗಿಳಿಯುವುದೇ ಬೇಡ. ತಗುಲಿದರೆ ಸಿಹಿನೀರು ಹಾಕದೆ, ಉಜ್ಜದೆ, ಕಡಲ ನೀರಿನಿಂದಲೇ ತೊಳೆಯಿರಿ. ಸೆಪ್ಟೆಂಬರ್ ಕೊನೆಗೆ ನೀರು 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಆದರೂ ಅರ್ಧ ಗಂಟೆಯಲ್ಲಿ ಮಕ್ಕಳಿಗೆ ನಡುಕ ಬರುತ್ತದೆ. ಉದ್ದ ತೋಳಿನ ಈಜು ಅಂಗಿ ತೊಡಿಸಿದರೆ ಚಳಿಗೂ ಆಯಿತು, ಗಂಟೆಗಟ್ಟಲೆ ಮುಖ ಕೆಳಗೆ ಮಾಡಿ ತೇಲುವಾಗ ಬೆನ್ನು ಸುಡುವುದಕ್ಕೂ ಆಯಿತು. ತೇಲುವ ಗುಂಡುಗಳಿಂದ (ಬೋಯ್) ಗುರುತಿಸಿದ ಈಜು ವಲಯವನ್ನು ದಾಟಬೇಡಿ, ಮಗಳಿಗೆ ಎದ್ದು ಕಾಣುವ ಬಣ್ಣದ ತೇಲು ಜಾಕೆಟ್ ಹಾಕಿ, ಮತ್ತು ದೊಡ್ಡವರಲ್ಲಿ ಒಬ್ಬರು ಸದಾ ಅವಳಿಗಿಂತ ಆಳದ ಕಡೆಗೇ ಇರಿ.