ಹಳೆ ಟೇಪಿನ ಹೋರಿ ಹಬ್ಬ, ಹೊಸ ಮೊಬೈಲ್ ಶಾಟ್: ಒಂದೇ ಟೈಮ್‌ಲೈನಿಗೆ ಹೇಗೆ?

ಪ್ರಶ್ನೆ (ಹಾವೇರಿಯಿಂದ):
ನಮ್ಮೂರಿನ ಹೋರಿ ಬೆದರಿಸುವ ಹಬ್ಬದ ಹಳೆ ಮಿನಿ ಡಿವಿ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿದ್ದೇವೆ. ಈ ದೀಪಾವಳಿಯ ಶಾಟ್‌ಗಳು ಮೊಬೈಲಿನವು, ಸೆಕೆಂಡಿಗೆ 30 ಫ್ರೇಮ್. ಎರಡನ್ನೂ ಸೇರಿಸಿ ಯೂಟ್ಯೂಬಿಗೆ ವಿಡಿಯೋ ಮಾಡಬೇಕು. ಟೇಪಿನಲ್ಲಿ ಹೋರಿ ನಿಂತಾಗ ಚಿತ್ರ ಚೆನ್ನಾಗಿದೆ. ಓಡಿದ ಕೂಡಲೇ ಕೊಂಬು, ಬಲೂನು, ಕೊಬ್ಬರಿ ಸರ, ಎಲ್ಲದರ ಅಂಚಿಗೂ ಅಡ್ಡ ಗೆರೆ. ಟೇಪ್ ಹಾಳಾಗಿದೆಯಾ? ಎಡಿಟ್ ಮುಗಿಸಿ ಕೊನೆಗೆ ಸರಿ ಮಾಡಿದರೆ ನಡೆಯುತ್ತಾ?

ಉತ್ತರ (ವಿಡಿಯೋ ಎಡಿಟರ್, ಹುಬ್ಬಳ್ಳಿ):
ಟೇಪಿಗೆ ಏನೂ ಆಗಿಲ್ಲ ಬಿಡಿ. ಅದು ಇಂಟರ್ಲೇಸ್ಡ್ ವಿಡಿಯೋ. ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್‌ನ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್ ಬರೆಯುತ್ತದೆ, ಆದರೆ ಒಂದೊಂದು ಫ್ರೇಮಿನಲ್ಲೂ ಎರಡು ಫೀಲ್ಡ್ ಇರುತ್ತವೆ. ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು. ಎರಡರ ನಡುವೆ ಸೆಕೆಂಡಿನ 50ನೇ ಒಂದು ಭಾಗದ ಅಂತರ. ಅಷ್ಟರಲ್ಲಿ ಹೋರಿ ಮುಂದೆ ಹೋಗಿರುತ್ತದೆ ಅಲ್ವಾ? ಹಳೆ ಟ್ಯೂಬ್ ಟಿವಿ ಫೀಲ್ಡುಗಳನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸುತ್ತದೆ, ಅದಕ್ಕೇ ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ.

ಕೊನೆಗೆ ಸರಿ ಮಾಡೋಣ ಅನ್ನಬೇಡಿ. ಟೈಮ್‌ಲೈನಿನಲ್ಲಿ ನೀವು ಚಿತ್ರವನ್ನು ದೊಡ್ಡದು ಮಾಡುತ್ತೀರಿ, ಸ್ವಲ್ಪ ತಿರುಗಿಸುತ್ತೀರಿ, ಸ್ಲೋ ಮೋಷನ್ ಹಾಕುತ್ತೀರಿ. ಆಗ ಬೆಸ, ಸಮ ಗೆರೆಗಳು ಕಲಸಿಹೋಗುತ್ತವೆ. ಆಮೇಲೆ ಯಾವ ಸಾಫ್ಟ್‌ವೇರಿಗೂ ಅವನ್ನು ಸರಿಯಾಗಿ ಬಿಡಿಸಲು ಆಗುವುದಿಲ್ಲ. ಮೊದಲು ಡಿಇಂಟರ್ಲೇಸ್ (ಫೀಲ್ಡ್ ಬಿಡಿಸಿ ಪೂರ್ತಿ ಫ್ರೇಮ್ ಮಾಡುವುದು), ಉಳಿದದ್ದೆಲ್ಲ ಆಮೇಲೆ.

ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದು ಸ್ಕ್ಯಾನ್ ಆರ್ಡರ್, ಅಂದರೆ ಯಾವ ಫೀಲ್ಡ್ ಮೊದಲು ಅನ್ನೋದು, ನೋಡಿ. ಮಿನಿ ಡಿವಿ ಆದರೆ ಬಾಟಮ್ ಫೀಲ್ಡ್ ಫಸ್ಟ್ ಅಂತ ಇರಬೇಕು. ಆಮೇಲೆ ಬಂದ ಎಚ್‌ಡಿ ಕ್ಯಾಮೆರಾಗಳದ್ದು (ಎಚ್‌ಡಿವಿ, ಎವಿಸಿಎಚ್‌ಡಿ) ಟಾಪ್ ಫಸ್ಟ್. ಇದು ತಪ್ಪಿದರೆ ಹೋರಿ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಓಡಿದಂತೆ ನಡುಗುತ್ತದೆ. ಒಂದೊಂದೇ ಫ್ರೇಮ್ ಸರಿಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಇನ್ನು ಮುಖ್ಯ ವಿಷಯ. ಎಷ್ಟೋ ಜನ ಡಿಇಂಟರ್ಲೇಸ್ ಮಾಡಿ 25 ಫ್ರೇಮಿಗೇ ಇಳಿಸುತ್ತಾರೆ. ಪ್ರವಚನ, ಸನ್ಮಾನದಂಥ ಕಾರ್ಯಕ್ರಮಕ್ಕೆ ಸಾಕು. ಹೋರಿ ಓಟಕ್ಕೆ ಮಾತ್ರ ಬೇಡ, ಸುಮ್ನೆ ಅರ್ಧ ಚಲನೆ ಎಸೆದ ಹಾಗೆ. ಪ್ರತಿ ಫೀಲ್ಡಿನಿಂದ ಒಂದು ಪೂರ್ತಿ ಫ್ರೇಮ್ ಮಾಡಿ 50 ಫ್ರೇಮ್ ಇಟ್ಟುಕೊಳ್ಳಿ. ವಿಡಿಯೋ ಫೈಲ್ ಬದಲಾಯಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿನಲ್ಲಿ ಯಾಡಿಫ್ ಅನ್ನೋ ಡಿಇಂಟರ್ಲೇಸ್ ಫಿಲ್ಟರ್ ಆರಿಸಿ, ಪ್ರಿಸೆಟ್ ಬಾಬ್, ಫ್ರೇಮ್ ರೇಟ್ 50, ಕಾನ್‌ಸ್ಟಂಟ್ (ವೇಗ ಏರಿಳಿಯದಂತೆ). ಇನ್ನೂ ಚೆನ್ನಾಗಿ ಬೇಕಂದ್ರೆ ಹೈಬ್ರಿಡ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಕ್ಯೂಟಿಜಿಎಂಸಿ ಅನ್ನೋ ಫಿಲ್ಟರ್ ಹಾಕಿ. ತುಂಬ ನಿಧಾನ, ರಾತ್ರಿ ಹಚ್ಚಿ ಮಲಗಿ. ಗುಣಮಟ್ಟ ನೋಡಿದರೆ ನನ್ನ ಓಟು ಅದಕ್ಕೇ.

ಯೂಟ್ಯೂಬಿನಲ್ಲಿ 50 ಫ್ರೇಮ್ ಓಡುವುದು 720ಪಿ ಮತ್ತು ಅದರ ಮೇಲೆ ಮಾತ್ರ. ಟೇಪಿನ 720×576 ಚಿತ್ರವನ್ನು ಹಾಗೇ ಹಾಕಬೇಡಿ. ಡಿಇಂಟರ್ಲೇಸ್ ಆದ ಮೇಲೆ 1440×1080ಕ್ಕೆ ಏರಿಸಿ. ಅದು 4:3 ಅಳತೆ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ, ಎಳೆದು ಹೋರಿಯನ್ನು ಎಮ್ಮೆ ಮಾಡಬೇಡಿ.

ಪ್ರಶ್ನೆ (ಅದೇ ಸದಸ್ಯರು):
ಮೊಬೈಲಿನ 30 ಫ್ರೇಮಿಗೆ ಏನು ಮಾಡಲಿ?

ಉತ್ತರ:
ಮೊದಲು ಅದನ್ನು ಕಾನ್‌ಸ್ಟಂಟ್ ಮಾಡಿ. ಮೊಬೈಲ್ 30 ಅಂದರೂ ಹೆಚ್ಚಿನವು ಬೆಳಕು ನೋಡಿ ವೇಗ ಏರಿಳಿಸುತ್ತವೆ. ಮೀಡಿಯಾಇನ್ಫೋದಲ್ಲಿ ವೇರಿಯಬಲ್ ಅಂತ ಕಾಣುತ್ತದೆ. ಹಾಗೇ ಎಡಿಟಿಗೆ ಕೂತರೆ ಹಲಗಿ ಬಾರಿಸುವ ಕೈ ಒಂದು ಕಡೆ, ಸದ್ದು ಇನ್ನೊಂದು ಕಡೆ.

ಟೈಮ್‌ಲೈನ್ 50 ಇರಲಿ. 30ನ್ನು 25ಕ್ಕೆ ತಂದರೆ ಪ್ರತಿ ಆರನೇ ಫ್ರೇಮ್ ಹಾರಿಹೋಗಿ ಜರ್ಕ್ ಬರುತ್ತದೆ. 50ರಲ್ಲಿ ಮೂರು ಫ್ರೇಮ್ ಐದಾಗುತ್ತವೆ, ಸಮ ಇರುವುದಿಲ್ಲ, ಆದರೂ ಕಣ್ಣಿಗೆ ಕಡಿಮೆ ಚುಚ್ಚುತ್ತದೆ. ನಡುವಿನ ಫ್ರೇಮುಗಳನ್ನು ಊಹಿಸಿ ತುಂಬುವ ಆಪ್ಟಿಕಲ್ ಫ್ಲೋ ಅನ್ನೋದನ್ನು ಇಂಥ ಗದ್ದಲದಲ್ಲಿ ನಂಬಬೇಡಿ. ಜನರ ಕೈಕಾಲು ಕರಗಿದಂತೆ ಆಗುತ್ತದೆ. ಡಾವಿಂಚಿ ರಿಸಾಲ್ವ್ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವುದಾದರೆ ಫುಟೇಜ್ ಹಾಕುವ ಮೊದಲೇ ಪ್ರಾಜೆಕ್ಟಿನ ಫ್ರೇಮ್ ರೇಟ್ ಇಟ್ಟುಬಿಡಿ. ಹಾಕಿದ ಮೇಲೆ ಅದು ಬದಲಾಯಿಸಲು ಬಿಡುವುದಿಲ್ಲ.

ಪ್ರಶ್ನೆ (ಗದಗದಿಂದ):
ನಡುವೆ ಬಾಯಿ ಹಾಕ್ತೀನಿ. ಮಠದ ಸಂಗೀತ ಕಾರ್ಯಕ್ರಮವನ್ನು 30 ಫ್ರೇಮಿನಲ್ಲಿ ತೆಗೆದರೆ ಟ್ಯೂಬ್‌ಲೈಟ್ ಮಿಣುಕುತ್ತದೆ. ಇದೂ ಫೀಲ್ಡಿನದೇ ತೊಂದರೆಯಾ?

ಉತ್ತರ:
ಅಲ್ಲ. ನಮ್ಮ ಕರೆಂಟ್ 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 30 ಫ್ರೇಮ್ ಅದಕ್ಕೆ ಹೊಂದುವುದಿಲ್ಲ. ಶಟರ್ ಸೆಕೆಂಡಿನ 50ನೇ ಅಥವಾ 100ನೇ ಒಂದು ಭಾಗಕ್ಕೆ ಇಡಿ, ಫ್ರೇಮ್ 25 ಅಥವಾ 50. ಐಫೋನ್ ಆದರೆ ಸೆಟ್ಟಿಂಗ್ಸಿನಲ್ಲಿ ಪಾಲ್ ಫಾರ್ಮ್ಯಾಟ್ ತೋರಿಸು ಅನ್ನೋದನ್ನು ಆನ್ ಮಾಡಿದರೆ 25 ಸಿಗುತ್ತದೆ.

ಪ್ರಶ್ನೆ (ಹಾವೇರಿಯಿಂದ):
ಮೀಡಿಯಾಇನ್ಫೋ ನೋಡಿದೆ. 640×480, ಎಂಪಿ4, ಪ್ರೋಗ್ರೆಸ್ಸಿವ್ (ಫೀಲ್ಡ್ ಇಲ್ಲದ್ದು) ಅಂತಿದೆ. ಗೆರೆ ಮಾತ್ರ ಇವೆ. ಟೇಪ್ ಇಳಿಸಿಕೊಟ್ಟಿದ್ದು ಒಂದು ಅಂಗಡಿಯವರು.

ಉತ್ತರ:
ಹಾಗಾದರೆ ಅಲ್ಲೇ ಕೆಟ್ಟಿದೆ. ಫೀಲ್ಡ್ ಬಿಡಿಸದೆ 576 ಗೆರೆಗಳನ್ನು 480ಕ್ಕೆ ಕುಗ್ಗಿಸಿದ್ದಾರೆ. ಮೇಲೆ ಹೇಳಿದ ಯಾವ ಫಿಲ್ಟರೂ ಈ ಫೈಲಿಗೆ ಹತ್ತುವುದಿಲ್ಲ, ಅದರ ಮೇಲೆ ಸಮಯ ಹಾಕಬೇಡಿ. ಟೇಪ್ ನಿಮ್ಮ ಹತ್ತಿರವೇ ಇದೆಯಲ್ಲ, ಮತ್ತೆ ಇಳಿಸಿ. ಫೈರ್‌ವೈರ್ ಪೋರ್ಟ್ (ಡಿವಿ ಕ್ಯಾಮೆರಾದ ಕೇಬಲ್ ಹಾಕುವ ಜಾಗ) ಇರುವ ಹಳೆ ಕಂಪ್ಯೂಟರ್ ಹುಡುಕಿ, ಹಳೆ ಸ್ಟುಡಿಯೋದವರ ಹತ್ತಿರ ಸಿಗಬಹುದು. ಡಿವಿ ಫೈಲೇ ಬೇಕು, ಎಂಪಿ4 ಬೇಡ ಅಂತ ಮೊದಲೇ ಹೇಳಿ. ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ, ದೊಡ್ಡ ಹಾರ್ಡ್ ಡಿಸ್ಕ್ ತಗೊಂಡು ಹೋಗಿ.