ಸಹಾಯ ಬೇಕು: ಬೂಷ್ಟು ಹಿಡಿದ ‘ಬ್ರೀಝಿನ್’ ಎಲ್‌ಪಿ

ಎಲ್ಲರಿಗೂ ನಮಸ್ಕಾರ. ಅಪ್ಪ ಜೋಪಾನವಾಗಿಟ್ಟಿದ್ದ ಅಮೆರಿಕದ ಜಾಝ್ ಗಿಟಾರ್ ವಾದಕ, ಗಾಯಕ ಜಾರ್ಜ್ ಬೆನ್ಸನ್ ಅವರ ‘ಬ್ರೀಝಿನ್’ (1976) ಎಲ್‌ಪಿಗೆ (ಗ್ರಾಮಫೋನ್ ತಟ್ಟೆಗೆ) ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೂ ಬಿಳಿ ಚುಕ್ಕೆಗಳು ಹೋಗುತ್ತಿಲ್ಲ. ‘ದಿಸ್ ಮ್ಯಾಸ್ಕರೇಡ್’ ಹಾಡು ಶುರುವಾದ ತಕ್ಷಣ ಮುಳ್ಳು ಜಿಗಿಯುತ್ತದೆ. ಇಡೀ ಎಲ್‌ಪಿಯಲ್ಲಿ ಬೆನ್ಸನ್ ಹಾಡಿರುವುದು ಅದೊಂದೇ, ಉಳಿದದ್ದೆಲ್ಲ ಬರೀ ವಾದ್ಯ. ಗಿಟಾರಿನ ಒಂದೊಂದು ಸ್ವರದ ಜೊತೆಗೇ ಅವರ ದನಿಯೂ ಸಾಗುತ್ತದಲ್ವಾ, ಸರಿಯಾಗಿ ಅಲ್ಲೇ! ಗ್ರ್ಯಾಮಿ ಪ್ರಶಸ್ತಿ ಗೆದ್ದ ಹಾಡು ಅದು. ಮೊಬೈಲಲ್ಲಿ ಸಿಗುತ್ತದೆ, ನಿಜ. ಆದರೆ ಅಪ್ಪ ಕೇಳುತ್ತಿದ್ದ ತಟ್ಟೆಯಲ್ಲೇ ಕೇಳುವ ಆಸೆ.

ಬೆಂಗಳೂರು ಅಥವಾ ಮೈಸೂರಿನಲ್ಲಿ ಎಲ್‌ಪಿ ತೊಳೆದುಕೊಡುವವರು ಯಾರಾದರೂ ಗೊತ್ತಾ? ಮನೆಯಲ್ಲೇ ತೊಳೆಯುವುದಾದರೆ ಏನು ಬಳಸಬೇಕು? ನಡುವಿನ ಲೇಬಲ್ ನೆನೆಯಬಾರದು. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.